ಎಪ್ಪತ್ತೆರಡು ಚದರ ಮೀಟರ್ ಗಾಳಿ

ಇಟ್ಟಿಗೆ ಹನ್ನೆರಡೇ ಸೆಂಟಿಮೀಟರ್ ಇತ್ತು. ಒತೀಲಿಯಾ ಮೊದಲು ಗೇಣಿಟ್ಟು ನೋಡಿದ್ದಳು. ಕೈಗೆ ಏನೋ ಕಮ್ಮಿಯೆನಿಸಿ, ಭಾನುವಾರವೂ ಚೀಲದಲ್ಲೇ ಇರುತ್ತಿದ್ದ ಶಾಲೆಯ ಮರದ ಸ್ಕೇಲನ್ನು ತೆಗೆದು ಇಟ್ಟಿಗೆಯ ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿದಳು. ಹನ್ನೆರಡು. ಒಂದೇ ಅಳತೆಯನ್ನು ನಂಬಬೇಡಿ ಎಂದು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದವಳು ತಾನೂ ನಂಬದೆ ಪಕ್ಕದ ಸಾಲಿನದನ್ನು ಅಳೆದಳು, ನಡುವೆ ಹಾಸಿದ ಹಲಗೆಯ ಮೇಲೆ ತಡವರಿಸುತ್ತ ಆ ತುದಿಗೆ ಹೋಗಿ ಅಲ್ಲಿಯದನ್ನೂ ಅಳೆದಳು. ಎಲ್ಲ ಕಡೆಯೂ ಹನ್ನೆರಡೇ. ಹದಿನೈದರ ಟೊಳ್ಳು ಇಟ್ಟಿಗೆ, ಅದರ ಮೇಲೆ ಐದು ಸೆಂಟಿಮೀಟರ್ ಕಾಂಕ್ರೀಟು, ಒಟ್ಟು ಇಪ್ಪತ್ತು ದಪ್ಪದ ತಾರಸಿ ಎಂದು ಮಾತಾಗಿತ್ತು. ಈಗ ಹದಿನೇಳು. ಸೆಂಟ್ರಿಂಗ್ ಹಲಗೆಗಳ ಮೇಲೆ ಸಾಲುಸಾಲಾಗಿ ಕೂತ ಕೆಂಪು ಇಟ್ಟಿಗೆಗಳು, ಸಾಲುಗಳ ನಡುವೆ ಕಟ್ಟಿದ ಕಂಬಿಗಳು, ಎಲ್ಲವೂ ಅಚ್ಚುಕಟ್ಟಾಗಿ ಸಜ್ಜಾಗಿದ್ದವು. ಕೆಳಗೆ ಬೀದಿಯಲ್ಲಿ ಮಿಕ್ಸರಿಗೆ ಡೀಸೆಲ್ ಹಾಕುತ್ತಿದ್ದರು. ಆಗಸ್ಟ್ ತಿಂಗಳ ಲೀಮಾದ ಮಂಜು ಗುಡ್ಡದ ಅರ್ಧಕ್ಕೇ ಇಳಿದು ನಿಂತಿತ್ತು. ಅವಳ ಎಡಗೈಯಲ್ಲಿ ಕೆಂಪು ಬಿಳಿ ರಿಬ್ಬನ್ ಸುತ್ತಿದ ವೈನ್ ಬಾಟಲಿ ಇತ್ತು, ಯಾಕೆಂದರೆ ಈ ತಾರಸಿಗೆ ಧರ್ಮತಾಯಿ ಅವಳೇ. ಧರ್ಮತಾಯಿ ಬಾಟಲಿ ಒಡೆದು, ಮೊದಲ ಬಕೆಟ್ ಕಾಂಕ್ರೀಟನ್ನು ತನ್ನ ಕೈಯಾರೆ ಸುರಿಯದ ಹೊರತು ಈ ಗುಡ್ಡದಲ್ಲಿ ಯಾರೂ ತಾರಸಿ ಹಾಕುವುದಿಲ್ಲ.

ಮೂರು ಸೆಂಟಿಮೀಟರ್. ಎರಡು ಬೆರಳಿನ ದಪ್ಪ. ಬೀದಿಯಲ್ಲಿ ನಿಂತು ನೋಡುವವರಿಗೆ ತಾರಸಿಯೆಂದರೆ ಒಂದು ಗೆರೆ, ಅದರ ಮೇಲೆ ನಿಂತವರಿಗೆ ಒಂದು ನೆಲ. ದಪ್ಪ ಯಾರ ಕಣ್ಣಿಗೂ ಬೀಳುವುದಿಲ್ಲ, ಕಾಂಕ್ರೀಟು ಗಟ್ಟಿಯಾದ ಮೇಲಂತೂ ಅಳೆಯುವುದಕ್ಕೂ ಆಗುವುದಿಲ್ಲ. ಆದರೆ ಒತೀಲಿಯಾಳ ಮನೆ ಏಳಬೇಕಾಗಿದ್ದದ್ದು ಆ ದಪ್ಪದ ಮೇಲೆಯೇ. ಈ ಗುಡ್ಡಗಳಲ್ಲಿ ಮನೆ ಪಾಲಾಗುವಾಗ ಗಾಳಿಯೂ ಪಾಲಾಗುತ್ತದೆ: ಕೆಳಗಿನದು ಒಬ್ಬರಿಗೆ, ತಾರಸಿಯ ಮೇಲಿನ ಗಾಳಿ ಇನ್ನೊಬ್ಬರಿಗೆ, ಗಾಳಿ ಸಿಕ್ಕವರು ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಅದರೊಳಗೆ ಗೋಡೆ ಎಬ್ಬಿಸಿಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಅಮ್ಮ ಎಉಸೇಬಿಯಾ ಇಬ್ಬರು ಮಕ್ಕಳನ್ನೂ ಊಟದ ಮೇಜಿಗೆ ಕರೆದು, ತಮ್ಮ ವಿಲ್ಮೆರನಿಗೆ ನೆಲದ ಮನೆ, ಒತೀಲಿಯಾಳಿಗೆ ಗಾಳಿ ಎಂದಿದ್ದಳು. ಅಂದು ಒತೀಲಿಯಾ ಅತ್ತಿದ್ದಳು. ನಲವತ್ತನಾಲ್ಕು ವರ್ಷಕ್ಕೆ ಮೊದಲ ಸಲ ತನ್ನದು ಅನ್ನುವಂಥದ್ದೊಂದು ಅವಳಿಗೆ ಬಂದಿತ್ತು, ಅದೂ ಕೇಳದೆ. ಶಾಲೆಯ ಹತ್ತಿರ ಅವಳು ಬಾಡಿಗೆಗಿದ್ದ ಕೋಣೆಯ ಕಿಟಕಿ ಇನ್ನೊಬ್ಬರ ಅಡುಗೆಮನೆಗೆ ತೆರೆಯುತ್ತಿತ್ತು. ಅವರು ಮೀನು ಹುರಿದ ದಿನ ಅವಳ ಬಟ್ಟೆ, ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲ ಮೀನು ನಾರುತ್ತಿದ್ದವು. ಆವತ್ತಿನಿಂದ ಚೌಕಳಿ ಹಾಳೆಯ ಮೇಲೆ ಹನ್ನೊಂದು ನಕ್ಷೆ ಬರೆದಿದ್ದಾಳೆ. ಎರಡು ಕೋಣೆ, ಅಡುಗೆಮನೆ, ಬಾಗಿಲು ಇಲ್ಲಿ, ಕಪಾಟು ಅಲ್ಲಿ, ಕಿಟಕಿ ಬೀದಿಯ ಕಡೆಗೆ. ಎಲ್ಲವೂ ಮೇಲಿಂದ ನೋಡಿದ ಹಾಗೆ. ಒಂದರಲ್ಲೂ ಎತ್ತರ ಇರಲಿಲ್ಲ.

ಮೇಸ್ತ್ರಿ ದೋನ್ ರುಫೀನೊ ಆ ಮೂಲೆಯಲ್ಲಿ ಕಂಬಿಗೆ ತಂತಿ ಬಿಗಿಯುತ್ತ ಕುಕ್ಕರಗಾಲಿನಲ್ಲಿ ಕೂತಿದ್ದ. ಅರವತ್ತು ದಾಟಿದ ಮುದುಕ, ಕೋಕಾ ಎಲೆಯ ಉಂಡೆಯಿಂದ ಒಂದು ಕೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಅವಳು ಹತ್ತಿರ ಹೋಗಿ, ಇಟ್ಟಿಗೆ ಹದಿನೈದರದ್ದು ಎಂದಾಗಿತ್ತಲ್ಲ ಎಂದು ಮೆಲ್ಲಗೆ ಕೇಳಿದಳು. ಶಾಲೆಯಲ್ಲಿ ಹೆಡ್ಮಾಸ್ಟರನ್ನು ಕೇಳುವಾಗಿನ ದನಿ ಅದು, ತನ್ನ ಆ ದನಿಯ ಮೇಲೆ ತನಗೇ ಸಿಟ್ಟು ಬಂತು. ಅವನು ತಲೆಯೆತ್ತಲಿಲ್ಲ. ವಿಲ್ಮೆರ್ ತಂದುಹಾಕಿದ ಇಟ್ಟಿಗೆ, ತಾನು ಜೋಡಿಸಿದ್ದೇನೆ ಅಷ್ಟೆ, ಎಂದ. ಹಾಗಾದರೆ ಇದರ ಮೇಲೆ ಇನ್ನೊಂದು ಮನೆ ನಿಲ್ಲುತ್ತದೆಯೇ ಎಂದು ಕೇಳಿದಳು. ದೋನ್ ರುಫೀನೊ ಇಕ್ಕಳ ಕೆಳಗಿಟ್ಟು, ಎಲೆಯ ಉಂಡೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದಾಟಿಸಿ ಹೇಳಿದ:

"ಬಟ್ಟೆ ಒಣಗಿಸ್ಬೋದು ಮಿಸ್. ನಾಲ್ಕು ಕೋಳಿ ಸಾಕ್ಬೋದು. ತಗಡಿನ ಮಾಡು ಹಾಕ್ಕೊಂಡು ಸಾಯಂಕಾಲ ಕೂತ್ಕೊಂಡ್ರೆ ತಂಪಾಗಿ ಗಾಳಿ ಬರುತ್ತೆ."

ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಕಳ್ಳ, ಎಂದುಕೊಂಡಳು. ಬಾಯಲ್ಲಿ ಮಾತ್ರ, ಸರಿ ಮೇಸ್ತ್ರಿ, ಎಂದಳು. ಯಾಕೆ ಹಾಗೆಂದಳೋ! ಎಲ್ಲ ಕಡೆಯೂ ಅವಳ ಬಾಯಿಂದ ಮೊದಲು ಹೊರಡುವುದು ಈ ಸರಿಯೇ. ಬಾಡಿಗೆ ಏರಿಸಿದಾಗ ಸರಿ, ರಜೆಯ ದಿನ ಬೇರೆಯವರ ತರಗತಿ ತಲೆಗೆ ಕಟ್ಟಿದಾಗ ಸರಿ, ನಿನ್ನನ್ನು ಮದುವೆಯಾಗುತ್ತೇನೆಂದು ನಾನು ಹೇಳಿಯೇ ಇರಲಿಲ್ಲವಲ್ಲ ಎಂದು ಒಬ್ಬ ಮನುಷ್ಯ ಬಸ್‌ಸ್ಟಾಪಿನಲ್ಲಿ ನಿಂತು ಹೇಳಿದಾಗಲೂ ಅವಳು ಸರಿ ಎಂದಿದ್ದಳು. ಕೆಳಗಿಳಿಯುವ ಹಲಗೆಗೆ ಅಡ್ಡಪಟ್ಟಿ ಹೊಡೆದಿದ್ದರು. ಬಕೆಟ್ ಹೊರುವವರ ಕಾಲಿನ ಅಂತರಕ್ಕೆ ಹೊಡೆದ ಪಟ್ಟಿಗಳು ಅವಳ ಕಾಲಿಗೆ ಹೊಂದಲಿಲ್ಲ, ಒಂದೊಂದಕ್ಕೂ ನಿಂತು ನಿಂತು ಇಳಿಯಬೇಕಾಯಿತು. ಕೆಳಗಿದ್ದ ಹುಡುಗರು ತಲೆಯೆತ್ತಿ ನೋಡುತ್ತಿದ್ದಾರೆಂದು ಗೊತ್ತಾಗಿ ಲಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು, ಇನ್ನೊಂದು ಕೈಯಲ್ಲಿ ಬಾಟಲಿ.

ವಿಲ್ಮೆರನಿಗೆ ಏನು ಹೇಳಬೇಕೆಂದು ಇಳಿಯುತ್ತಲೇ ಜೋಡಿಸಿಕೊಂಡಳು. ಕಾಗದ ಇದೆಯಲ್ಲ, ಕಾಗದ ತೋರಿಸಬಹುದಲ್ಲ ಎಂದು ಹೊಳೆಯಿತು. ಹೊಳೆದದ್ದೇ ಆ ಯೋಚನೆಯನ್ನು ಪಕ್ಕಕ್ಕೆ ತಳ್ಳಿದಳು, ಕಾಗದದ ಮಾತು ಬಂದಾಗಲೆಲ್ಲ ಹೀಗೆಯೇ ಮಾಡುತ್ತಿದ್ದಳು. ಆ ಕಾಗದ ಬರೆದವಳು ಅವಳೇ. ಮನೆಯಲ್ಲಿ ಓದಿದವಳೆಂದರೆ ಅವಳೊಬ್ಬಳೇ ಆದ್ದರಿಂದ ಅಮ್ಮ ಪೆನ್ನು ಅವಳ ಕೈಗೇ ಕೊಟ್ಟಿದ್ದಳು. ಅವಳು ದುಂಡನೆಯ ಅಕ್ಷರದಲ್ಲಿ ಬರೆದು, ಕೆಳಗೆ ಅಮ್ಮನ ಹೆಬ್ಬೆಟ್ಟು ಒತ್ತಿಸಿ, ನೋಟರಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದಳು. ಮುಂದಿನ ವರ್ಷ ಒಂದು ದಿನ ಶಾಲೆಯಲ್ಲಿ ಯೆನಿ ಸುಲ್ಕ ಎಂಬ ಹುಡುಗಿಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನೀರಿನ ತೊಟ್ಟಿಯ ಲೆಕ್ಕ. ಹುಡುಗಿ ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿ ಸರಿಯಾದ ಸಂಖ್ಯೆ ತಂದು, ಮುಂದೆ ಚದರ ಮೀಟರ್ ಎಂದು ಬರೆದಿದ್ದಳು. ಒತೀಲಿಯಾ ಕೆಂಪು ಶಾಯಿಯಲ್ಲಿ ಎರಡು ಅಂಕ ಕಿತ್ತಳು. ಆ ಎರಡು ಅಂಕದಿಂದಾಗಿ ಜುಲೈ ತಿಂಗಳ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಶಾಲೆಯ ಬಾವುಟದ ಜೊತೆ ನಡೆಯುವ ಆರು ಮಂದಿಯಲ್ಲಿ ಯೆನಿಗೆ ಜಾಗ ತಪ್ಪಿತು. ಹುಡುಗಿಯ ತಾಯಿ ಬಂದು ಬೇಡಿಕೊಂಡಳು, ಬಿಳಿ ಕೈಗವಸು ಕೂಡ ಆಗಲೇ ಹೊಲಿಸಿಯಾಗಿತ್ತಂತೆ. ಒತೀಲಿಯಾ ಬೋರ್ಡಿನ ಮುಂದೆ ನಿಂತು ಆ ತಾಯಿಗೇ ಪಾಠ ಮಾಡಿದಳು: ಗೆರೆಗೆ ಉದ್ದ ಒಂದೇ, ಹಾಳೆಗೆ ಉದ್ದ ಅಗಲ ಎರಡು, ತೊಟ್ಟಿಗೆ ಮೂರು, ಹಾಳೆಯೊಳಗೆ ನೀರು ತುಂಬಲಿಕ್ಕೆ ಆಗುತ್ತದೆಯೇ ಸೆನ್ಯೋರಾ? ತಾಯಿ ತಲೆತಗ್ಗಿಸಿ ಹೋದಳು. ಅದೇ ಸಂಜೆ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ, ಏನೂ ಕಾರಣವಿಲ್ಲದೆ, ತಾನು ಬರೆದ ಕಾಗದದ ಮೂರನೆಯ ಸಾಲು ಅವಳ ಕಣ್ಣಮುಂದೆ ಬಂತು: ಮೇಲಿನ ಗಾಳಿ, ಆರು ಮೀಟರಿಗೆ ಹನ್ನೆರಡು, ಒಟ್ಟು ಎಪ್ಪತ್ತೆರಡು ಚದರ ಮೀಟರ್. ಎತ್ತರ ಇಲ್ಲ. ಆಕಾಶದವರೆಗೂ ಎಂದಿಲ್ಲ, ಎರಡು ಅಂತಸ್ತು ಎಂದಿಲ್ಲ, ಅದನ್ನು ಹೊರುವ ತಾರಸಿ ಎಷ್ಟು ದಪ್ಪ ಎಂದೂ ಇಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿದ್ದಿತ್ತು. ಮಾರನೆಯ ದಿನ ಆ ಹುಡುಗಿಯ ಎರಡು ಅಂಕ ವಾಪಸು ಕೊಡಬಹುದಿತ್ತು. ಕೊಡಲಿಲ್ಲ. ಕೊಟ್ಟರೆ ಯಾಕೆ ಕೊಟ್ಟೆಯೆಂದು ಯಾರಾದರೂ ಕೇಳಿಬಿಡುತ್ತಾರೆಂಬ ಭಯ. ಯೆನಿ ಸುಲ್ಕ ಮೆರವಣಿಗೆಯ ದಿನ ಜನರ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು, ಬರಿಗೈಯಲ್ಲಿ.

ಬೀದಿಯಲ್ಲಿ ಮರಳು, ಜಲ್ಲಿ, ಸಿಮೆಂಟು ಮೂಟೆಗಳ ನಡುವೆ ವಿಲ್ಮೆರ್ ನೆಂಟರಿಗೂ ನೆರೆಯವರಿಗೂ ಒಂದೇ ಗ್ಲಾಸಿನಲ್ಲಿ ಬಿಯರ್ ಹಂಚುತ್ತಿದ್ದ; ಒಬ್ಬರು ಕುಡಿದು, ನೊರೆ ನೆಲಕ್ಕೆ ಚೆಲ್ಲಿ, ಗ್ಲಾಸನ್ನು ಮುಂದಿನವರಿಗೆ ದಾಟಿಸುತ್ತಿದ್ದರು. ಮಿನಿಬಸ್ ಓಡಿಸಿ ಓಡಿಸಿ ಅವನ ದನಿ ದಪ್ಪಗಾಗಿತ್ತು, ಮನೆಯಲ್ಲೂ ಸ್ಟಾಪು ಕೂಗುವವನ ಹಾಗೆಯೇ ಮಾತಾಡುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಮಗ್ಗಿ ಕಲಿಸಿದವಳು ಅವಳು. ಏಳರ ಮಗ್ಗಿ ಬರದೆ ಅವನು ಮಂಚದ ಕೆಳಗೆ ಅಡಗಿಕೊಳ್ಳುತ್ತಿದ್ದ, ಅವಳು ಕಾಲು ಹಿಡಿದು ಹೊರಗೆಳೆಯುತ್ತಿದ್ದಳು. ಅವನನ್ನು ಒಂದು ಪಕ್ಕಕ್ಕೆ ಕರೆದಳು. ಅವನು ಬರಲಿಲ್ಲ, ಇದ್ದಲ್ಲಿಂದಲೇ ಏನಕ್ಕ ಎಂದ. ಇಷ್ಟು ಜನರ ಎದುರಿಗೆ ಹೇಳಬೇಕಾಯಿತು. ಇಟ್ಟಿಗೆ ಹನ್ನೆರಡರದ್ದಿದೆ ಎಂದಳು. ಹೌದು ಎಂದ. ಹದಿನೈದು ಎಂದು ಮಾತಾಗಿತ್ತು ಎಂದಳು. ವಿಲ್ಮೆರ್ ಗ್ಲಾಸಿನ ನೊರೆ ಚೆಲ್ಲಿ, ಸುತ್ತ ನಿಂತವರನ್ನೊಮ್ಮೆ ನೋಡಿ, ನಕ್ಕ.

"ನಿಂಗೆ ಲಾಭಾನೇ ಅಲ್ವಾ ಅಕ್ಕ. ನನ್ನ ತಾರಸಿ ಮೂರು ಸೆಂಟಿಮೀಟರ್ ತಗ್ಗಿದ್ರೆ ನಿನ್ನ ಗಾಳಿ ಮೂರು ಸೆಂಟಿಮೀಟರ್ ಜಾಸ್ತಿ ಆಯ್ತು."

ಎಲ್ಲರೂ ನಕ್ಕರು. ಗುದ್ದಲಿಯ ಮೇಲೆ ಕೈಯೂರಿ ನಿಂತ ಕೂಲಿಯವರೂ ನಕ್ಕರು. ಒತೀಲಿಯಾಳ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವನ ಲೆಕ್ಕ ಸರಿಯಾಗಿತ್ತಲ್ಲ ಎಂದು ಅವಳ ತಲೆಯೊಳಗಿದ್ದ ಟೀಚರು ಒಪ್ಪಿಕೊಂಡುಬಿಟ್ಟಳು, ಅದು ಅವಳನ್ನು ಇನ್ನಷ್ಟು ಕುಗ್ಗಿಸಿತು. ಮಾತು ಅಂದರೆ ಮಾತು, ಕಾಗದ ಅಂದರೆ ಕಾಗದ ಎಂದು ಏನೋ ತೊದಲಿದಳು. ಆ ಪದ ಬಾಯಿಂದ ಬೀಳುವುದನ್ನೇ ಕಾಯುತ್ತಿದ್ದವನ ಹಾಗೆ ಅವನು ಗ್ಲಾಸನ್ನು ಪಕ್ಕದವನಿಗೆ ಕೊಟ್ಟು ಎದುರಿಗೆ ಬಂದ.

"ಕಾಗದ ಓದಿದ್ದೀನಕ್ಕ. ಎಪ್ಪತ್ತೆರಡು ಚದರ ಮೀಟರ್. ನಿನ್ನ ಅಕ್ಷರಾನೇ. ಅದ್ರಲ್ಲಿ ಎತ್ತರ ಎಲ್ಲಿದೆ, ದಪ್ಪ ಎಲ್ಲಿದೆ, ತೋರ್ಸು. ಈ ಮರಳು ತಂದು ಹಾಕ್ದೋನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ಅವನೂ ಘನ ಅಂತಾನೆ, ಚದರ ಅನ್ನಲ್ಲ."

ಈ ಸಲ ಯಾರೂ ನಗಲಿಲ್ಲ, ಯಾರಿಗೂ ಅರ್ಥವಾಗಿರಲಿಲ್ಲ. ಅವಳಿಗೊಬ್ಬಳಿಗೇ ಅರ್ಥವಾಯಿತು. ಎರಡು ವರ್ಷ ಬಚ್ಚಿಟ್ಟುಕೊಂಡಿದ್ದ ತಪ್ಪನ್ನು ಅವನು ಯಾವಾಗಲೋ ನೋಡಿ, ನೋಡಿಯೂ ಸುಮ್ಮನಿದ್ದು, ಇವತ್ತಿಗೆಂದು ಇಟ್ಟುಕೊಂಡಿದ್ದನಲ್ಲ. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಅವಳು ಬಾಟಲಿಯ ರಿಬ್ಬನ್ ಸರಿಮಾಡಿದಳು. ನಂತರ ಒಳಗೆ ಹೋದಳು, ಹೋಗುವಾಗ ಸಿಮೆಂಟು ಮೂಟೆಗೆ ತಾಗಿ ಅವಳ ಕಪ್ಪು ಲಂಗದ ಒಂದು ಮಗ್ಗುಲು ಬೆಳ್ಳಗಾಯಿತು.

ಅಡುಗೆಮನೆಯಲ್ಲಿ ಅಮ್ಮ ಬಕೆಟಿನ ಮುಂದೆ ಕೂತು ಆಲೂಗೆಡ್ಡೆ ಸುಲಿಯುತ್ತಿದ್ದಳು. ಮೂವತ್ತು ಜನರಿಗೆ ಕೋಳಿ ಸಾರು, ದೊಡ್ಡ ಹಂಡೆ ಕುದಿಯುತ್ತಿತ್ತು, ಬಟ್ಟಲಲ್ಲಿ ಹಸಿಮೆಣಸಿನ ಚಟ್ನಿ. ತಲೆಯ ಮೇಲೆ ಸೆಂಟ್ರಿಂಗ್ ಹಲಗೆಗಳ ತಳ ಕಾಣುತ್ತಿತ್ತು, ಕೋಣೆಯ ತುಂಬ ಮರದ ಊರುಗೋಲುಗಳು. ಅಮ್ಮ ಎರಡು ಊರುಗೋಲಿನ ನಡುವೆ ಮಣೆ ಹಾಕಿಕೊಂಡು ಕಾಡಿನಲ್ಲಿ ಕೂತವಳ ಹಾಗೆ ಕೂತಿದ್ದಳು. ಒತೀಲಿಯಾ ಎಲ್ಲ ಹೇಳಿದಳು. ಇಟ್ಟಿಗೆ, ಮೂರು ಸೆಂಟಿಮೀಟರ್, ವಿಲ್ಮೆರನ ಮಾತು. ಕಾಗದದ ತಪ್ಪನ್ನು ಮಾತ್ರ ಹೇಳಲಿಲ್ಲ. ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆ ತುಂಡಾಗದೆ ಉದ್ದಕ್ಕೆ ಇಳಿಯುತ್ತಿತ್ತು, ಅಂಥ ದುಂಡು ಗೆಡ್ಡೆಯ ಮೈ ಅಷ್ಟುದ್ದದ ಒಂದು ಪಟ್ಟಿಯಾಗಿ ಬಿಚ್ಚಿಕೊಳ್ಳುವುದನ್ನು ಒತೀಲಿಯಾ ಮಾತಿನ ನಡುವೆಯೂ ನೋಡಿದಳು. ಗೋಳದ ಮೇಲ್ಮೈ. ಸೂತ್ರ ಅವಳಿಗೆ ನಿದ್ದೆಯಲ್ಲೂ ಬರುತ್ತದೆ. ಅದು ಯಾಕೆ ಹಾಗೆ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ, ಪರೀಕ್ಷೆಯಲ್ಲಿ ಯಾಕೆ ಎಂದು ಕೇಳುವುದಿಲ್ಲ, ಬರೆದುಕೋ ಎಂದಿದ್ದಳು. ನಿಜವೇನೆಂದರೆ ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಅವಳು ಎಳೆದ ಪೆಟ್ಟಿಗೆ ಅವಳ ಕಣ್ಣಿಗೂ ಒಂಬತ್ತು ಗೆರೆಯಾಗಿಯೇ ಕಾಣುತ್ತಿತ್ತು. ಕಾಣದ ಮೂರು ಗೆರೆಗಳನ್ನು ಚುಕ್ಕಿಯಲ್ಲಿ ಹಾಕಿ, ಇದು ಹಿಂದಕ್ಕೆ ಹೋಗಿದೆ ಎಂದು ಊಹಿಸಿಕೊಳ್ಳಿ ಎನ್ನುತ್ತಿದ್ದಳು, ಮಕ್ಕಳು ಊಹಿಸಿಕೊಂಡೆವು ಎನ್ನುತ್ತಿದ್ದರು, ಗಂಟೆ ಹೊಡೆಯುತ್ತಿತ್ತು.

ಅಮ್ಮ ಕೊನೆಗೆ ಚಾಕು ಕೆಳಗಿಟ್ಟಳು. ಇವತ್ತು ಬೇಡ ಎಂದಳು. ಜನ ಬಂದಿದ್ದಾರೆ, ಮಿಕ್ಸರು ಒಂದು ದಿನಕ್ಕೆ ಸಿಕ್ಕಿದೆ, ಸಾರು ಕುದಿಯುತ್ತಿದೆ, ಇವತ್ತೊಂದು ದಿನ ಬೇಡ. ಇವತ್ತು ಹಾಕಿದ ಮೇಲೆ ನಾಳೆ ಎನ್ನುವುದೇ ಇಲ್ಲವಮ್ಮ, ಕಾಂಕ್ರೀಟನ್ನು ಬಿಚ್ಚಿ ಮತ್ತೆ ಹಾಕುತ್ತಾರೆಯೇ ಎಂದು ಒತೀಲಿಯಾ ದನಿ ಏರಿಸಿದಳು. ಆಗ ಅಮ್ಮ ಬಾಗಿಲ ಕಡೆ ನೋಡುತ್ತ, ಒದ್ದೆ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡ ಬಟ್ಟೆಗೆ ಒರೆಸಿಕೊಳ್ಳುತ್ತ, ಹೇಳಬಾರದ ಮಾತೊಂದನ್ನು ಹೇಳಿಬಿಟ್ಟಳು.

"ನಿಂಗ್ಯಾರಿದ್ದಾರೆ ಮಗಳೇ? ಮೇಲೆ ಯಾರಿಗೋಸ್ಕರ ಕಟ್ತೀಯ?"

ಎಷ್ಟು ಮೆಲ್ಲಗೆ ಹೇಳಿದರೂ ಅದು ಏಟು. ನನಗೋಸ್ಕರ, ಎನ್ನಬೇಕಾಗಿತ್ತು. ಅವಳಿಗೆ ಆ ಮಾತು ಯಾವಾಗಲೂ ಅರ್ಧ ಗಂಟೆ ತಡವಾಗಿ ಬರುತ್ತಿತ್ತು. ನನಗೋಸ್ಕರ, ನನ್ನ ಪುಸ್ತಕಕ್ಕೋಸ್ಕರ, ಮೀನು ನಾರದ ಒಂದು ಬಟ್ಟೆಗೋಸ್ಕರ. ನಲವತ್ತೇಳು ವರ್ಷದ ಒಬ್ಬಂಟಿ ಹೆಂಗಸು ಎಷ್ಟು ಜಾಗ ಹಿಡಿಯುತ್ತಾಳೆ? ಇವರ ಲೆಕ್ಕದಲ್ಲಿ ಅವಳೂ ಒಂದು ಚುಕ್ಕಿ. ಉದ್ದ ಇಲ್ಲ, ಅಗಲ ಇಲ್ಲ, ಎಲ್ಲಿ ಬೇಕಾದರೂ ಹಿಡಿಸುತ್ತಾಳೆ. ಹಬ್ಬದ ದಿನ ಮೇಜಿನ ಮೂಲೆಗೆ ಸ್ಟೂಲು, ಮಲಗುವುದಕ್ಕೆ ಮಕ್ಕಳ ಮಂಚದ ಅಂಚು. ಸಿಟ್ಟಿನಿಂದ ಅವಳಿಗೆ ಕಣ್ಣು ತುಂಬಿ ಬಂತು, ಕಣ್ಣು ತುಂಬಿದ್ದಕ್ಕೆ ಇನ್ನೂ ಸಿಟ್ಟು ಬಂತು. ಅಷ್ಟರಲ್ಲಿ ಬೀದಿಯಲ್ಲಿ ಮಿಕ್ಸರ್ ಚಾಲೂ ಆಯಿತು. ಕಿಟಕಿಯ ಗಾಜು, ಹಂಡೆಯ ಮುಚ್ಚಳ ಎಲ್ಲ ಗಡಗಡ ಎನ್ನತೊಡಗಿದವು. ಧರ್ಮತಾಯಿ, ಧರ್ಮತಾಯಿ ಎಂದು ಮೇಲಿಂದ ಕೂಗಿದರು.

ಹಲಗೆ ಹತ್ತುವಾಗ ಅವಳು ನಿರ್ಧಾರ ಮಾಡಿದ್ದಳು. ಯಾವತ್ತೂ ಮಾಡದವಳಿಗೆ ಅದು ಎಷ್ಟು ಸಲೀಸಾಗಿ ಬಂತೆಂದು ಆಶ್ಚರ್ಯವಾಯಿತು: ಸುರಿಯುವುದಿಲ್ಲ. ಅವಳು ಸುರಿಯದೆ ಇವರು ಹಾಕುವಂತಿಲ್ಲ. ಈ ಬೀದಿಯಲ್ಲೇ ಒಬ್ಬರು ಧರ್ಮತಾಯಿ ಬರುವುದು ತಡವಾಯಿತೆಂದು ಕಾಯದೆ ತಾರಸಿ ಹಾಕಿ, ವಾರದೊಳಗೆ ಸೆಂಟ್ರಿಂಗ್ ಬಿಚ್ಚುವಾಗ ಒಬ್ಬ ಗಾರೆಯವನು ಬಿದ್ದು ಸತ್ತಿದ್ದ. ಆಮೇಲೆ ಯಾವ ಮೇಸ್ತ್ರಿಯೂ ಆ ತಪ್ಪು ಮಾಡಿಲ್ಲ. ಮೂರು ಸೆಂಟಿಮೀಟರಿಗೆ ಹೆದರದ ಮನುಷ್ಯರು ಇದಕ್ಕೆ ಹೆದರುತ್ತಾರೆ. ಮೇಲೆ ಎಲ್ಲರೂ ನೆರೆದಿದ್ದರು. ವಿಲ್ಮೆರನ ಹೆಂಡತಿ ಕಾಗದದ ಹೂವು ಸುತ್ತಿದ ಶಿಲುಬೆ ಹಿಡಿದಿದ್ದಳು. ಅಮ್ಮನನ್ನು ಇಬ್ಬರು ಕೈಹಿಡಿದು ಹತ್ತಿಸಿಕೊಂಡು ಬಂದು ಹಲಗೆಯ ಮೇಲೆ ನಿಲ್ಲಿಸಿದರು. ಕೂಲಿಯವನೊಬ್ಬ ಬಕೆಟ್ ತಂದು ಒತೀಲಿಯಾಳ ಎರಡೂ ಕೈಗೆ ಕೊಟ್ಟ. ಹೆಂಗಸೆಂದು ಅರ್ಧವೇ ತುಂಬಿದ್ದ, ಆದರೂ ಭಾರಕ್ಕೆ ಅವಳ ಭುಜ ಕೆಳಕ್ಕೆ ಜಗ್ಗಿತು. ಇಷ್ಟು ಚಿಕ್ಕ ಪಾತ್ರೆಯೊಳಗೆ ಇಷ್ಟು ಭಾರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಾಟಲಿಯನ್ನು ಯಾರೋ ಕೈಯಿಂದ ತೆಗೆದುಕೊಂಡಿದ್ದರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ನಾನು ಸುರಿಯಲ್ಲ," ಎಂದಳು ಒತೀಲಿಯಾ. "ಇಟ್ಟಿಗೆ ಬದಲಾಯಿಸಿ. ಹದಿನೈದರದ್ದು ಬರ್ಲಿ, ಆಮೇಲೆ ಸುರೀತೀನಿ."

ಮಿಕ್ಸರಿನ ಸದ್ದಿಗೆ ಮೊದಲು ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ದನಿ ಸೀಳಿತು. ವಿಲ್ಮೆರನ ಹೆಂಡತಿ ಶಿಲುಬೆ ಇಳಿಸಿದಳು. ವಿಲ್ಮೆರ್ ಅಕ್ಕ ಎಂದು ಗದರಿ ಎರಡು ಹೆಜ್ಜೆ ಮುಂದೆ ಬಂದ. ಬೇಕಾದರೆ ತನ್ನ ಹೆಂಡತಿಯೇ ಸುರಿಯುತ್ತಾಳೆ ಎಂದ. ದೋನ್ ರುಫೀನೊ ಬೇಡವೆಂದು ಕೈ ಅಡ್ಡ ಹಿಡಿದ. ಧರ್ಮತಾಯಿ ಬದುಕಿ ಎದುರಿಗೆ ನಿಂತಿರುವಾಗ ಇನ್ನೊಬ್ಬರ ಕೈಯಿಂದ ಹಾಕಿಸಿದರೆ ತನ್ನ ಆಳುಗಳು ಒಬ್ಬರೂ ನಿಲ್ಲುವುದಿಲ್ಲ ಎಂದ. ಹೊರುವವರು ಹೆಗಲ ಮೇಲಿನ ಡಬ್ಬಗಳ ಸಮೇತ ಹಲಗೆಯ ಮೇಲೆ ಸಾಲಾಗಿ ನಿಂತುಬಿಟ್ಟರು. ಅವಳಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು, ಇದನ್ನು ಮುಚ್ಚಿಡುವುದೇಕೆ. ಮೂವತ್ತು ಜನ, ಒಂದು ಯಂತ್ರ, ಒಂದು ಇಡೀ ಭಾನುವಾರ ಅವಳೊಬ್ಬಳ ಮಾತಿಗಾಗಿ ನಿಂತಿದ್ದವು. ಮುದುಕ ಮೇಸ್ತ್ರಿ ವಿಲ್ಮೆರನ ಕಡೆ ನೋಡಿದ. ಕೆಳಗೆ ತಿರುಗುತ್ತಿದ್ದ ಮಾಲು ಎಷ್ಟು ಹೊತ್ತು ಹಸಿಯಿರುತ್ತದೆಂದು ಲೆಕ್ಕ ಹಾಕುವವನಂತೆ ಬೀದಿಯ ಕಡೆ ಬಗ್ಗಿ ನೋಡಿ, ಕೆನ್ನೆಯ ಉಂಡೆಯನ್ನು ಅಂಗೈಗೆ ಉಗಿದು, ಅವಳೆದುರು ಬಂದ.

"ಮಿಸ್, ಇಟ್ಟಿಗೆ ಬಿಡಿ. ಹದಿನೈದರದ್ದು ಹಾಕಿದ್ರೂ ಅಷ್ಟೆ, ಐವತ್ತರದ್ದು ಹಾಕಿದ್ರೂ ಅಷ್ಟೆ. ಈ ಮನೆ ಮೇಲೆ ಇನ್ನೊಂದು ಮನೆ ಏಳಲ್ಲ. ಮೂಲೆ ಕಂಬದ ಬುಡ ಅಗೆದು ನೋಡ್ದೆ. ಪಾಯ ಮೊಣಕಾಲುದ್ದಾನೂ ಇಲ್ಲ, ಕೆಳಗೆ ಬರೀ ಸಡಿಲ ಕಲ್ಲು. ಭಾರ ಕಮ್ಮಿ ಆಗ್ಲಿ ಅಂತ ನಾನೇ ಹನ್ನೆರಡರದ್ದು ತರ್ಸಿದ್ದು."

"ಮೇಸ್ತ್ರಿ, ಸಾಕು," ಎಂದ ವಿಲ್ಮೆರ್. ಅವನ ಸ್ಟಾಪು ಕೂಗುವ ದನಿ ಎಲ್ಲೋ ಹೋಗಿತ್ತು. ಅವನು ಈಗ ತನ್ನ ಬೂಟುಗಳನ್ನು ನೋಡುತ್ತಿದ್ದ, ಏಳರ ಮಗ್ಗಿ ಕೇಳಿದಾಗ ನೋಡುತ್ತಿದ್ದ ಹಾಗೆ. ಆ ಕುಹಕ, ಆ ಚದರ ಘನದ ಮಾತು, ಎಲ್ಲ ಇದನ್ನು ಹೇಳದೇ ಇರುವುದಕ್ಕೆ ಎಂದು ಒತೀಲಿಯಾಳಿಗೆ ಹೊಳೆಯಿತು. ಮೋಸಗಾರ ಎನಿಸಿಕೊಂಡರೂ ಪರವಾಗಿಲ್ಲ ಎಂದುಕೊಂಡಿದ್ದನಲ್ಲ, ಪೆದ್ದ. ಅವಳಿಗೆ ಅವನ ಮೇಲೆ ಕರುಣೆ ಬರಬೇಕಾಗಿತ್ತೇನೋ. ಬರಲಿಲ್ಲ. ಬಂದದ್ದು ಬಿಸಿಲಿನ ಒಂದು ಭಾನುವಾರದ ನೆನಪು. ಅಪ್ಪ, ಅಪ್ಪನ ಗೆಳೆಯರು ನಾಲ್ಕು ಮಂದಿ, ಗುಡ್ಡದ ಓರೆಯಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಒತ್ತುವರಿಯ ಜಾಗ, ಪೊಲೀಸರು ಬಂದು ಎಬ್ಬಿಸುವ ಮುಂಚೆ ಗೋಡೆ ನಿಲ್ಲಿಸಬೇಕಿತ್ತು, ಎಲ್ಲರಿಗೂ ಆತುರ. ಎಂಟು ವರ್ಷದ ಅವಳು ದಾರದ ಒಂದು ತುದಿ ಹಿಡಿದು ನಿಂತಿದ್ದಳು. ಅಪ್ಪ ದೂರದಿಂದ ಆರು ಎಂದು ಕೂಗಿದ, ಈ ಕಡೆ ತಿರುಗಿ ಹನ್ನೆರಡು ಎಂದು ಕೂಗಿದ, ಎಷ್ಟಾಯಿತು ಹೇಳು ಎಂದ. ಎಪ್ಪತ್ತೆರಡು ಎಂದು ಅವಳು ಕಿರುಚಿದಳು. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ನೋಡ್ರಪ್ಪಾ ನಮ್ಮ ಇಂಜಿನಿಯರನ್ನ ಎಂದು ಎಲ್ಲರಿಗೂ ತೋರಿಸಿದ್ದ. ಅಗೆದದ್ದು ಅವಳಿಗೆ ನೆನಪಿಲ್ಲ. ಉದ್ದ ಅಗಲ ಆದಮೇಲೆ ತನ್ನ ಕೆಲಸ ಮುಗಿಯಿತೆಂದು ದಾರ ಬಿಸಾಡಿ ಆಡುವುದಕ್ಕೆ ಓಡಿಹೋಗಿದ್ದಳು. ಎಷ್ಟು ಆಳ ಎಂದು ಆವತ್ತು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮೂರು ವರ್ಷದಿಂದ ಮೇಲಕ್ಕೇ ನೋಡುತ್ತಿದ್ದವಳಿಗೆ, ಎತ್ತರಕ್ಕೆ ಕೆಳಗೂ ಒಂದು ತುದಿ ಇರುತ್ತದೆಂದು ಹೊಳೆದೇ ಇರಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿದ್ದಳು ಅಷ್ಟೆ.

ಬಕೆಟಿನ ಹಿಡಿ ಬೆರಳುಗಳನ್ನು ಕೊಯ್ಯುತ್ತಿತ್ತು. ಅವಳು ಅಮ್ಮನ ಕಡೆ ತಿರುಗಿದಳು. ನಿನಗೆ ಗೊತ್ತಿತ್ತಾ ಎಂದು ಕೇಳುವ ಅಗತ್ಯವೇ ಇರಲಿಲ್ಲ, ಅಮ್ಮನ ಮುಖ ಆಗಲೇ ಹೇಳಿತ್ತು, ಆದರೂ ಕೇಳಿದಳು. ಅಮ್ಮ ತಲೆಯಾಡಿಸಿದಳು. ನಿಮ್ಮಪ್ಪ ಸಾಯುವ ಮುಂಚೆ ಹೇಳಿದ್ದ ಎಂದಳು.

"ಮತ್ಯಾಕಮ್ಮ ಕೊಟ್ಟೆ?"

ಅಮ್ಮ ಸುತ್ತಲಿನ ಜನರನ್ನು ನೋಡಲಿಲ್ಲ. ಅಡುಗೆಮನೆಯಲ್ಲಿ ಆ ಕೆಟ್ಟ ಮಾತು ಆಡಿದಾಗ ಇದ್ದ ದನಿಯಲ್ಲೇ ಹೇಳಿದಳು, ಈಗ ಅದು ಬೇರೆಯಾಗಿ ಕೇಳಿಸಿತು.

"ಇಬ್ಬರು ಮಕ್ಕಳು, ಇರೋದೊಂದು ಮನೆ. ನನ್ನ ಮಗಳಿಗೆ ಏನೂ ಇಲ್ಲ ಅಂತ ಹೇಳಿ ಬರ್ಸೋಕೆ ನಂಗೆ ಬಾಯಿ ಬರ್ಲಿಲ್ಲ ಮಗಳೇ. ಗಾಳಿ ಬಿಟ್ರೆ ನನ್ನ ಹತ್ರ ಇನ್ನೇನಿತ್ತು?"

ಕೆಳಗೆ ಮಿಕ್ಸರ್ ತಿರುಗುತ್ತಲೇ ಇತ್ತು. ಒತೀಲಿಯಾಳಿಗೆ ಸಿಟ್ಟು ಹೋಗಿರಲಿಲ್ಲ. ಅದನ್ನು ಯಾರ ಮೇಲೆ ಇಳಿಸಬೇಕೆಂದು ಮಾತ್ರ ತಿಳಿಯದೆ ಅದು ಎದೆಯಲ್ಲೇ ನಿಂತುಕೊಂಡಿತ್ತು. ಸತ್ತ ಅಪ್ಪನ ಮೇಲೆಯೇ, ಅವಸರದ ಆ ಭಾನುವಾರದ ಮೇಲೆಯೇ, ಕೊಡಲಿಕ್ಕೆ ಏನೂ ಇಲ್ಲದೆ ಗಾಳಿ ಕೊಟ್ಟ ಈ ಮುದುಕಿಯ ಮೇಲೆಯೇ? ಅವಳು ಬಾಗಿ, ಎರಡು ಸಾಲು ಇಟ್ಟಿಗೆಯ ನಡುವಿನ ಸಂದಿಗೆ ಬಕೆಟನ್ನು ಓರೆಮಾಡಿದಳು. ಮಾಲು ದಪ್ಪಗೆ ಜಾರಿ ಕಂಬಿಯನ್ನು ಮುಚ್ಚಿತು, ಎರಡು ಮೊಳದಷ್ಟು ದೂರ ಹರಿಯಿತು, ಇಟ್ಟಿಗೆಯ ಅರ್ಧದವರೆಗೆ ಏರಿ ಅಲ್ಲಿಗೆ ನಿಂತಿತು. ಜನ ಚಪ್ಪಾಳೆ ತಟ್ಟಿದರು, ಯಾರೋ ಬಾಟಲಿಯನ್ನು ಕಂಬಿಗೆ ಹೊಡೆದು ಒಡೆದರು, ಹೊರುವವರು ಮುಂದಕ್ಕೆ ಹೆಜ್ಜೆಯಿಟ್ಟರು. ಅವಳು ಜಾಗ ಬಿಡಲಿಲ್ಲ. ಬಗ್ಗಿಕೊಂಡೇ ಆ ಅರ್ಧ ತುಂಬಿದ ಸಂದಿಯನ್ನು ನೋಡುತ್ತಿದ್ದಳು.

"ಇದು ತುಂಬಿಲ್ಲ," ಎಂದಳು. "ಇನ್ನೊಂದು ಕೊಡಿ."

ಧರ್ಮತಾಯಿ ಸುರಿಯುವುದು ಒಂದೇ ಬಕೆಟು, ಎರಡನೆಯದನ್ನು ಯಾರೂ ಕೇಳಿದ್ದಿಲ್ಲ. ಕೂಲಿಯವನು ಮೇಸ್ತ್ರಿಯ ಮುಖ ನೋಡಿದ, ಮೇಸ್ತ್ರಿ ವಿಲ್ಮೆರನ ಮುಖ ನೋಡಿದ. ವಿಲ್ಮೆರ್ ಸಾಲಿನ ಮೊದಲನೆಯವನ ಹೆಗಲಿನಿಂದ ತುಂಬಿದ ಡಬ್ಬವನ್ನು ತಾನೇ ಇಳಿಸಿಕೊಂಡು ತಂದು, ಒಂದು ಬದಿಯನ್ನು ಹಿಡಿದುಕೊಂಡೇ ಅವಳೆದುರು ಚಾಚಿದ. ಒತೀಲಿಯಾ ಇನ್ನೊಂದು ಬದಿ ಹಿಡಿದು ಅದನ್ನೂ ಸುರಿದಳು.